ದುಬೈಯಲ್ಲಿ ಹುಟ್ಟಿದ ವರ

ಅಮೆರಿಕಕ್ಕೆ ನರ್ಸುಗಳು ಬೇಕಾಗಿದ್ದರು. ಸುಪ್ರೀತಾ ನರ್ಸ್ ಆಗಿದ್ದಳು. ಅಬುಧಾಬಿಯ ಖಾಲಿದಿಯಾದ ಒಂದು ಖಾಸಗಿ ಆಸ್ಪತ್ರೆಯ ಐಸಿಯುವಿನಲ್ಲಿ ಅವಳು ದುಡಿಯತೊಡಗಿ ಹತ್ತು ವರ್ಷದ ಮೇಲಾಗಿತ್ತು. ವೆಂಟಿಲೇಟರಿನ ಸದ್ದು ಒಂದೆಳೆ ಬದಲಾದರೂ ಬೆನ್ನು ತಿರುಗಿಸಿ ನಿಂತವಳಿಗೆ ಗೊತ್ತಾಗುತ್ತಿತ್ತು. ಅಮೆರಿಕದ ಲೈಸೆನ್ಸ್ ಪರೀಕ್ಷೆಯನ್ನು ಮೊದಲ ಏಟಿಗೇ ಪಾಸು ಮಾಡಿದ್ದಳು. ಓಹಾಯೋದ ಆಸ್ಪತ್ರೆಯೊಂದು ನಾಳೆಯೇ ಬಂದರೆ ನಾಡಿದ್ದೇ ಡ್ಯೂಟಿ ಎನ್ನುವಂಥ ಅವಸರದಲ್ಲಿ ಕೆಲಸದ ಪತ್ರ ಕಳಿಸಿತ್ತು. ಇಷ್ಟೆಲ್ಲ ಆದ ಮೇಲೆ ಆ ದೊಡ್ಡ ದೇಶ ಅವಳಿಂದ ತಿಳಿಯಬಯಸಿದ್ದು ಒಂದೇ ಸಂಗತಿ: ನಿನ್ನ ಅಮ್ಮನಿಗೆ ಹೆರಿಗೆ ನೋವು ಬಂದಾಗ ಆಕೆ ಯಾವ ದೇಶದ ನೆಲದಲ್ಲಿ ಮಲಗಿದ್ದಳು?

ಅಮ್ಮ ಚಂದ್ರಮತಿ ಮಲಗಿದ್ದು ಉಡುಪಿ ಹತ್ತಿರದ ಕಟಪಾಡಿಯಲ್ಲಿ. ಸಾವಿರದ ಒಂಬೈನೂರ ಎಂಬತ್ತನಾಲ್ಕರಲ್ಲಿ ಅವಳು ಗಂಡನೊಂದಿಗೆ ದುಬೈಯ ಸತ್ವಾದಲ್ಲಿ, ನಾಲ್ಕು ಸಂಸಾರಗಳು ಹಂಚಿಕೊಂಡ ಒಂದು ವಿಲ್ಲಾದ ಕೋಣೆಯಲ್ಲಿದ್ದಳು. ಆದರೆ ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು. ಏಳನೆಯ ತಿಂಗಳಲ್ಲಿ ಬಯಕೆ ಮಾಡಿಸಿ, ಹೂ ಮುಡಿಸಿ, ಗಂಡ ಧರ್ಮಪಾಲ ಅವಳನ್ನು ಬೊಂಬಾಯಿಯ ವಿಮಾನಕ್ಕೆ ಹತ್ತಿಸಿದ. ಅಲ್ಲಿಂದ ಹೊಟ್ಟೆ ಹಿಡಿದುಕೊಂಡು ಒಂದು ಹಗಲು ಒಂದು ರಾತ್ರಿ ಬಸ್ಸು. ಸುಪ್ರೀತಾ ಹುಟ್ಟಿದಳು, ಐದು ತಿಂಗಳಾದ ಮೇಲೆ ದುಬೈಗೆ ಬಂದಳು. ಆರು ವರ್ಷದ ನಂತರ ಎರಡನೆಯದು ಬರುವಾಗ ಕಟಪಾಡಿಯ ಅಜ್ಜಿ ತೀರಿಹೋಗಿದ್ದರು. ಬಾಣಂತನಕ್ಕೆ ಅಲ್ಲಿ ಯಾರೂ ಇರಲಿಲ್ಲ. ಹಾಗಾಗಿ ಸುಶಾಂತ್ ದುಬೈಯಲ್ಲೇ ಹುಟ್ಟಿದ. ಪಕ್ಕದ ಕೋಣೆಯ ಬೀಪಾತುಮ್ಮ ನಲವತ್ತು ದಿನ ಎಣ್ಣೆ ತಿಕ್ಕಿ ನೀರೆರೆದರು. ಹೀಗೆ ಒಂದೇ ಹೊಟ್ಟೆಯಿಂದ ಅಮೆರಿಕದ ಲೆಕ್ಕಕ್ಕೆ ಎರಡು ದೇಶದ ಪ್ರಜೆಗಳು ಬಂದರು.

ಸುಶಾಂತನೂ ನರ್ಸೇ. ಅಕ್ಕನ ನೋಟ್ಸು ಓದಿ, ಅಕ್ಕನ ಬೈಗುಳ ತಿಂದು, ಮೂರನೆಯ ಸಲ ಪಾಸಾದವನು. ಎರಡು ಸಾವಿರದ ಹದಿನಾಲ್ಕರಲ್ಲಿ ಇಬ್ಬರ ವೀಸಾ ಅರ್ಜಿಯೂ ಒಂದೇ ಏಜೆನ್ಸಿಯಿಂದ ಒಂದೇ ದಿನ ಹೋಗಿತ್ತು. ಹದಿನಾರರ ಫೆಬ್ರವರಿಯಲ್ಲಿ ಸುಶಾಂತನಿಗೆ ಸಂದರ್ಶನದ ಕರೆ ಬಂತು. ಸುಪ್ರೀತಾ ಏಜೆನ್ಸಿಗೆ ಫೋನ್ ಮಾಡಿದಳು. ಫೈಲು ನೋಡುತ್ತಿದ್ದ ಸ್ಟೇಸಿ ಬೆಂದೂರಿನ ಹುಡುಗಿ. ಕೆಟ್ಟ ಸುದ್ದಿಯನ್ನೂ ಕೇಕು ಕತ್ತರಿಸುವ ದನಿಯಲ್ಲಿ ಹೇಳುವುದು ಅವಳ ಕೆಲಸದ ಅಭ್ಯಾಸ.

"ಮ್ಯಾಮ್, ನೀವು ಇಂಡಿಯಾ ಸಾಲು, ಅವರು ಯುಎಇ ಸಾಲು. ವರ್ಷದ ಒಟ್ಟು ವೀಸಾದಲ್ಲಿ ಒಂದು ದೇಶಕ್ಕೆ ನೂರಕ್ಕೆ ಏಳು ಮಾತ್ರ. ಇಂಡಿಯಾದವರು ಜಾಸ್ತಿ ಅಲ್ವಾ? ಈಗ ನಡೀತಾ ಇರೋದು ಎರಡು ಸಾವಿರದ ನಾಲ್ಕರ ಫೈಲು."

"ನಮ್ಮಿಬ್ಬರದ್ದೂ ಇಂಡಿಯನ್ ಪಾಸ್‌ಪೋರ್ಟೇ ಅಲ್ವಾ ಸ್ಟೇಸಿ?"

"ಪಾಸ್‌ಪೋರ್ಟ್ ಲೆಕ್ಕಕ್ಕೆ ಬರುದಿಲ್ಲ ಮ್ಯಾಮ್. ಹುಟ್ಟಿದ್ದು ಎಲ್ಲಿ, ಅದು."

"ಅಂದ್ರೆ ನನಗೆ ಹನ್ನೆರಡು ವರ್ಷ."

"ಹೆಚ್ಚೂ ಆಗ್ಬಹುದು. ಕೆಲವು ತಿಂಗಳು ಸಾಲು ಹಿಂದೆ ಹೋಗ್ತದೆ."

ಹಿಂದೆ ಹೋಗುವ ಸಾಲು! ರೇಷನ್ ಅಂಗಡಿಯ ಸಾಲು ನಿಂತಲ್ಲೇ ನಿಲ್ಲುವುದನ್ನು ಜನ ಕಂಡಿದ್ದಾರೆ, ನಡುವೆ ಯಾರೋ ನುಗ್ಗುವುದನ್ನು ಕಂಡಿದ್ದಾರೆ. ನಿಂತವರನ್ನು ಹೊತ್ತುಕೊಂಡು ಹಿಂದಕ್ಕೆ ನಡೆಯುವ ಸಾಲನ್ನು ಕಟ್ಟುವುದಕ್ಕೆ ಮಾತ್ರ ಮಹಾ ಪ್ರಜಾಪ್ರಭುತ್ವವೇ ಬೇಕಾಯಿತು. ಸುಪ್ರೀತಾಳಿಗೆ ಆಗ ಮೂವತ್ತೆರಡು. ನಲವತ್ತೈದಕ್ಕೆ ಓಹಾಯೋ ಅವಳನ್ನು ಕರೆದು ಏನು ಮಾಡೀತು, ಮಂಚ ಕೊಟ್ಟು ಮಲಗಿಸೀತೇ? ಇಲ್ಲಿ ಆಸ್ಪತ್ರೆಯ ಹೊಸ ಮಾಲೀಕರು ಹಳಬರನ್ನು ಒಬ್ಬೊಬ್ಬರನ್ನಾಗಿ ಮನೆಗೆ ಕಳಿಸತೊಡಗಿದ್ದರು. ಕೆಲಸ ಹೋದರೆ ಮೂವತ್ತು ದಿನದೊಳಗೆ ಈ ದೇಶದಿಂದಲೂ ಖಲಾಸ್. ಹುಟ್ಟಿ ಐದನೆಯ ತಿಂಗಳಿಗೆ ಬಂದವಳು ಎಂದು ಇಲ್ಲಿಯೂ ಯಾರೂ ಕೇಳುವವರಿಲ್ಲ.

*

ಶುಕ್ರವಾರ ಸತ್ವಾದ ಮನೆಯಲ್ಲಿ ಕೋರಿರೊಟ್ಟಿ. ಸುಶಾಂತನ ಸಂದರ್ಶನ ಮುಗಿದಿತ್ತು, ವೀಸಾ ಖಾತ್ರಿಯಾಗಿತ್ತು. ಅದರ ಸಂತೋಷಕ್ಕೆ ಮಾಡಿದ ಊಟದಲ್ಲಿ ಧರ್ಮಪಾಲ ಸಿಟ್ಟಿನಿಂದ ರೊಟ್ಟಿ ಮುರಿಯುತ್ತಿದ್ದ.

"ಅನ್ಯಾಯ! ಇದು ಶುದ್ಧ ಅನ್ಯಾಯ! ಕೆಲಸ ಬರ್ತದಾ ಕೇಳು, ಕ್ರಿಮಿನಲ್ ಕೇಸ್ ಉಂಟಾ ಕೇಳು. ಹುಟ್ಟಿದ ಊರು ಕೇಳುದು ಎಂತದ್ದು? ಮನುಷ್ಯನನ್ನು ದೇಶ ನೋಡಿ ಅಳೆಯುದಾ?"

ಈ ಮಾತು ಧರ್ಮಪಾಲನ ಬಾಯಿಂದ ಬಂದದ್ದನ್ನು ಕೇಳಿ ಸುಪ್ರೀತಾಳ ಕೈ ತಟ್ಟೆಯ ಮೇಲೇ ನಿಂತಿತು. ಅವಳ ಅಪ್ಪ ಒಂದು ಕಟ್ಟಡ ಕಂಪನಿಯಲ್ಲಿ ಮೂವತ್ತನಾಲ್ಕು ವರ್ಷ ಇದ್ದವನು. ಮುಹೈಸ್ನಾದ ಲೇಬರ್ ಕ್ಯಾಂಪಿನಲ್ಲಿ ಕ್ಯಾಂಪ್ ಬಾಸ್ ಆಗಿ ಶುರುಮಾಡಿ ಕಾರ್ಮಿಕರನ್ನು ತರಿಸುವ ವಿಭಾಗದ ಮುಖ್ಯಸ್ಥನಾದವನು. ಎರಡು ಸಾವಿರದ ಆರರಲ್ಲಿ ಕ್ಯಾಂಪಿನವರು ಕೆಲಸ ನಿಲ್ಲಿಸಿ ರಸ್ತೆಯಲ್ಲಿ ಕೂತಾಗ, ಮ್ಯಾನೇಜರನಿಗೆ ಒಂದು ಉಪಾಯ ಹೇಳಿಕೊಟ್ಟು ಶಾಬಾಸ್ ಅನ್ನಿಸಿಕೊಂಡಿದ್ದ: ಯಾವುದೇ ಒಂದು ದೇಶದವರು ಕ್ಯಾಂಪಿನಲ್ಲಿ ನೂರಕ್ಕೆ ಇಪ್ಪತ್ತೈದು ದಾಟಬಾರದು. ಒಂದೇ ಭಾಷೆಯವರು ಹೆಚ್ಚಾದರೆ ಮಾತಾಡಿಕೊಳ್ಳುತ್ತಾರೆ, ಮಾತಾಡಿಕೊಂಡರೆ ತಲೆ ಎತ್ತುತ್ತಾರೆ. ಆ ವರ್ಷ ಅವಧಿ ಮುಗಿದವರಲ್ಲಿ ಯಾರ ವೀಸಾ ನವೀಕರಿಸಬೇಕು, ಯಾರದ್ದು ಬೇಡ ಎಂದು ಅವನು ಗುರುತು ಹಾಕಿದ್ದು ಮೇಸ್ತ್ರಿಗಳ ಕೈಗುಣ ನೋಡಿ ಅಲ್ಲ. ಈ ಸಾಹಸವನ್ನು ಅವನು ಇದೇ ಮೇಜಿನ ಮುಂದೆ ಎಷ್ಟೋ ಶುಕ್ರವಾರ ನೆಂಟರಿಗೆ ಬಣ್ಣಿಸಿದ್ದ.

"ಅಪ್ಪ, ಅಮೆರಿಕದವರು ನಿಮ್ಮ ಹತ್ರ ಟ್ಯೂಶನ್‌ಗೆ ಬಂದಿದ್ರಾ?" ಸುಪ್ರೀತಾ ಕೇಳಿದಳು.

"ಎಂತ?"

"ನಿಮ್ಮದು ಇಪ್ಪತ್ತೈದು, ಅವರದ್ದು ಏಳು. ಶಿಷ್ಯರು ಗುರುವನ್ನು ಮೀರಿದ್ದಾರೆ."

"ಅದೂ ಇದೂ ಒಂದೇ ಆಯ್ತಾ? ಅದು ಕಂಪನಿ ಪಾಲಿಸಿ. ಅವರು ಲೇಬರು. ನೀನು ಪ್ರೊಫೆಶನಲ್."

"ಹೌದೌದು. ನನಗೆ ಏಪ್ರನ್ ಉಂಟು, ಅವರಿಗೆ ಹೆಲ್ಮೆಟ್."

ಸುಶಾಂತ್ ನಡುವೆ ಬಾಯಿ ಹಾಕಿದ. ವೀಸಾ ಸಿಕ್ಕ ದಿನದಿಂದ ಅವನಿಗೆ ಜಗತ್ತಿನ ಎರಡೂ ಮಗ್ಗುಲು ಕಾಣತೊಡಗಿದ್ದವು. "ಅಕ್ಕ, ಸಿಟ್ಟು ಮಾಡ್ಬೇಡ. ಆದ್ರೆ ಅವರ ಪಾಯಿಂಟ್ ಕೂಡ ಉಂಟು. ಲಿಮಿಟ್ ಇಲ್ಲದಿದ್ರೆ ಇಂಡಿಯಾ, ಚೀನಾದವರೇ ಎಲ್ಲ ತುಂಬ್ತಾರೆ. ಸಣ್ಣ ಸಣ್ಣ ದೇಶದವರಿಗೆ ಚಾನ್ಸೇ ಸಿಗುದಿಲ್ಲ."

"ನೀನು ಯಾವ ಸಣ್ಣ ದೇಶದವ ಮಾರಾಯ?"

ಸುಶಾಂತ್ ಕೋಳಿಸಾರಿನ ಪಾತ್ರೆಯನ್ನು ತನ್ನ ಕಡೆ ಎಳೆದುಕೊಂಡ.

"ಹೇಳು. ಯಾವ ಬಡಪಾಯಿ ಪುಟ್ಟ ದೇಶದ ಪಾಲು ನಿನಗೆ ಸಿಕ್ಕಿದ್ದು? ಇಲ್ಲಿಯ ಎಮಿರಾತಿ ಅಮೆರಿಕಕ್ಕೆ ಬೆಡ್‌ಪ್ಯಾನ್ ಹಿಡಿಲಿಕ್ಕೆ ಹೋಗ್ತಾನಾ? ಅವನ ಹೆಸರಲ್ಲಿ ಬಿಟ್ಟ ಜಾಗದಲ್ಲಿ ಹೋಗಿ ಕೂರುದು ಕಟಪಾಡಿಯವಳ ಮಗ."

"ನಾನೆಂತ ಮಾಡ್ಲಿ ಅಕ್ಕ, ಐ ಡಿಡ್ನಾಟ್ ಚೂಸ್."

"ನಾನು ಆರಿಸಿಕೊಂಡಿದ್ದೆ ನೋಡು. ಹೊಟ್ಟೆಯೊಳಗಿಂದ ಕೂಗಿ ಹೇಳಿದ್ದೆ, ಅಮ್ಮ, ಬೊಂಬಾಯಿ ಫ್ಲೈಟ್ ಹತ್ತು ಅಂತ."

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಚಂದ್ರಮತಿ ಸೌಟು ಹಿಡಿದುಕೊಂಡೇ ಅಳಲು ಶುರುಮಾಡಿದಳು. "ನಾನು ಬೇಡ ಅಂದಿದ್ದೆ ಮಗಾ. ಇಲ್ಲೇ ಆಸ್ಪತ್ರೆ ಉಂಟು, ಅಷ್ಟು ದೂರ ಬಸ್ಸಲ್ಲಿ ಆಗುದಿಲ್ಲ ಅಂದಿದ್ದೆ. ಇವರೇ... ತವರಿಗೆ ಕಳಿಸದಿದ್ರೆ ಜನ ಎಂತ ಹೇಳ್ತಾರೆ ಅಂತ."

"ಜನ ಹೇಳ್ತಿದ್ರು!" ಧರ್ಮಪಾಲ ಕೂಗಿದ. "ನನಗೆ ಕನಸು ಬಿದ್ದಿತ್ತಾ, ಮೂವತ್ತು ವರ್ಷ ಕಳೆದು ಅಮೆರಿಕದವ ಬಾಣಂತಿ ಕೋಣೆಗೆ ಇಣುಕ್ತಾನೆ ಅಂತ?"

*

ದಾರಿ ತೋರಿಸಿದ್ದು ಸ್ಟೇಸಿ. ಅರ್ಜಿ ಹಾಕಿದವರ ಗಂಡನೋ ಹೆಂಡತಿಯೋ ಬೇರೆ ದೇಶದಲ್ಲಿ ಹುಟ್ಟಿದ್ದರೆ ಇಬ್ಬರನ್ನೂ ಆ ದೇಶದ ಸಾಲಿಗೆ ಹಾಕಬಹುದು. ಇದು ಕಾನೂನಿನಲ್ಲೇ ಇದೆ. ಗಂಡ ಹೆಂಡತಿ ಅಗಲಬಾರದು ಎಂಬ ಕರುಣೆಯಿಂದ ಬರೆದದ್ದಂತೆ. ಅಕ್ಕ ತಮ್ಮ ಅಗಲಬಹುದು, ಅದಕ್ಕೆ ಕರುಣೆ ಸಾಕಾಗಲಿಲ್ಲ.

ಮರುದಿನದಿಂದ ಧರ್ಮಪಾಲ ವರ ಹುಡುಕಲು ಹೊರಟ. ಇದುವರೆಗೆ ಮಗಳಿಗೆ ಬಂದ ಸಂಬಂಧಗಳಲ್ಲಿ ಅವನು ಜಾತಿ ನೋಡಿದ್ದ, ಜಾತಿಯೊಳಗಿನ ಕುಲವಾದ ಬಳಿ ನೋಡಿದ್ದ, ಮನೆತನ ನೋಡಿದ್ದ. ಒಬ್ಬನ ಅಜ್ಜ ಹೋಟೆಲಿನಲ್ಲಿ ಲೋಟ ತೊಳೆದಿದ್ದ ಎಂದು ಬೇಡ ಅಂದಿದ್ದ. ಈಗ ಫೋನೆತ್ತಿದರೆ ಒಂದೇ ಪ್ರಶ್ನೆ: "ಹುಡುಗ ಹುಟ್ಟಿದ್ದು ಎಲ್ಲಿ? ದುಬೈಯಾ, ಮಸ್ಕತ್ತಾ, ಬಹರೇನಾ? ಯಾವುದಾದ್ರೂ ಆಗ್ತದೆ." ಉತ್ತರ ಮಾತ್ರ ಎಲ್ಲ ಕಡೆ ಒಂದೇ. ಮೂಲ್ಕಿ, ಪಡುಬಿದ್ರಿ, ಕಾರ್ಕಳ, ಕಾಪು. ದುಬೈಯಲ್ಲಿ ಬೆಳೆದ, ದುಬೈಯಲ್ಲಿ ಓದಿದ, ತುಳುವಿಗಿಂತ ಹಿಂದಿ ಚೆನ್ನಾಗಿ ಬರುವ ಹುಡುಗರೆಲ್ಲ ಹುಟ್ಟುವ ಹೊತ್ತಿಗೆ ಸರಿಯಾಗಿ ಅಮ್ಮನ ತವರು ಸೇರಿಕೊಂಡಿದ್ದರು. ಕೊಲ್ಲಿಯ ತುಳುವ ಗಂಡಸರು ಒಬ್ಬರನ್ನು ನೋಡಿ ಒಬ್ಬರು ಹೆಂಡಂದಿರನ್ನು ವಿಮಾನ ಹತ್ತಿಸಿ ಒಂದು ಇಡೀ ತಲೆಮಾರನ್ನು ಇಂಡಿಯಾ ಸಾಲಿನ ಬಾಲಕ್ಕೆ ಕಟ್ಟಿದ್ದರು.

ಕೊನೆಗೆ ಸಿಕ್ಕಿದವನು ಶ್ರವಣ್. ಮೂವತ್ತನಾಲ್ಕು ವರ್ಷ. ಸತ್ವಾದಲ್ಲೇ ಎರಡು ಬೀದಿ ಆಚೆ ಗ್ಯಾರೇಜೊಂದರ ಸ್ಪೇರ್ ಪಾರ್ಟ್ಸ್ ಕೌಂಟರಿನಲ್ಲಿ ಕೆಲಸ. ಅಪ್ಪ ಇಲ್ಲ. ಅಮ್ಮ ಸುಶೀಲಮ್ಮ ಮನೆಯಲ್ಲೇ ಬ್ಲೌಸು ಹೊಲಿಯುತ್ತಿದ್ದರು. ಇಷ್ಟು ವರ್ಷ ಆ ತಾಯಿ ಮಗ ಬೀದಿಯಲ್ಲಿ ಎದುರಾದರೆ ಧರ್ಮಪಾಲ ಮೊಬೈಲ್ ನೋಡುತ್ತಾ ದಾಟುತ್ತಿದ್ದ. ಯಾಕೆಂದರೆ ಸುಶೀಲಮ್ಮ ಜಾತಿ ಬಿಟ್ಟು ಮದುವೆಯಾದವರು.

ಆ ಭಾನುವಾರ ಸಂಜೆ ಅದೇ ಧರ್ಮಪಾಲ ಬಾಗಿಲ ತನಕ ಬಂದು ಕೈಮುಗಿದ. "ಬನ್ನಿ ಸುಶೀಲಕ್ಕ, ಬನ್ನಿ. ಇಷ್ಟು ಹತ್ರ ಇದ್ದು ಬರುದೇ ಇಲ್ಲ ನೀವು."

"ಕರೆದ್ರೆ ಬರುವಾ ಅಂತ ಮೂವತ್ತೈದು ವರ್ಷದಿಂದ ಸೀರೆ ಉಟ್ಟು ಕೂತಿದ್ದೆ," ಎಂದು ಸುಶೀಲಮ್ಮ ಒಳಗೆ ಬಂದರು. ಕೂತವರು ಚಹಾ ಬರುವ ಮೊದಲೇ ಚೀಲದಿಂದ ಒಂದು ಪ್ಲಾಸ್ಟಿಕ್ ಕವರು ತೆಗೆದು ಮೇಜಿನ ಮೇಲಿಟ್ಟರು. "ಇಕೊಳ್ಳಿ. ಮೊದಲು ಇದನ್ನು ನೋಡಿ. ಆಮೇಲೆ ಹುಡುಗನನ್ನು ನೋಡಿದ್ರಾಯ್ತು."

ಶ್ರವಣ್‌ನ ಜನನ ಪತ್ರ. ಅರಬಿ, ಇಂಗ್ಲಿಷ್ ಎರಡರಲ್ಲೂ. ಧರ್ಮಪಾಲ ಕನ್ನಡಕ ಹಾಕಿ, ಮುದ್ರೆಯ ಮೇಲೆ ಬೆರಳಾಡಿಸಿ, ಬೆಳಕಿಗೆ ಹಿಡಿದು ನೋಡಿದ. ಹುಡುಗ ಎದುರಿನ ಸೋಫಾದಲ್ಲಿ ಇದ್ದಾನೆ ಎನ್ನುವುದು ಅವನಿಗೆ ನೆನಪಿದ್ದಂತಿರಲಿಲ್ಲ.

"ಜಾತಕ ತಂದಿಲ್ಲ," ಸುಶೀಲಮ್ಮ ಹೇಳಿದರು. "ಬೇಕಾ?"

"ಛೆ ಛೆ, ಅದೆಲ್ಲ ಈಗ ಯಾರು ನೋಡ್ತಾರೆ ಅಕ್ಕ?"

"ನನ್ನ ಮದುವೆಗೆ ಎಲ್ಲರೂ ನೋಡಿದ್ರಪ್ಪ. ಇವ ಹೊಟ್ಟೆಯಲ್ಲಿ ಇರುವಾಗ ಕಿನ್ನಿಗೋಳಿಯ ತವರಿಗೆ ಕಾಗದ ಬರೆದಿದ್ದೆ, ಹೆರಿಗೆಗೆ ಬರ್ತೇನೆ ಅಂತ. ನನ್ನ ಅಣ್ಣ ಉತ್ತರ ಬರೆದ, ಇಲ್ಲಿ ನಿನಗೆ ಬಾಗಿಲಿಲ್ಲ ಅಂತ. ಅದಕ್ಕೇ ಇವ ಇಲ್ಲಿ ಹುಟ್ಟಿದ್ದು. ಈಗ ಅದೇ ಅಣ್ಣ ಫೋನ್ ಮಾಡ್ತಾನೆ. ಅವನ ಮಗಳು ಹೈದರಾಬಾದಲ್ಲಿ ಸಾಫ್ಟ್‌ವೇರು, ಅಮೆರಿಕಕ್ಕೆ ಹೋಗ್ಬೇಕಂತೆ. ಸೋದರತ್ತೆ ಮಗ ಅಲ್ವಾ, ಮೊದಲ ಹಕ್ಕು ನಮ್ಮದೇ ಅಂತಾನೆ." ಸುಶೀಲಮ್ಮ ಜೋರಾಗಿ ನಕ್ಕರು. "ನಮ್ಮನ್ನು ಹೊರಗೆ ಹಾಕಿದ್ದೇ ನಮಗೆ ಆಸ್ತಿ ಆಯ್ತು ನೋಡಿ."

ಧರ್ಮಪಾಲ ಕೂಡ ನಕ್ಕ. ಬೇರೆ ದಾರಿ ಇರಲಿಲ್ಲ. ಜಾತಿ ಬಿಡಿ, ಜಾತಿ ಬಿಡಿ ಎಂದು ಎಷ್ಟು ಜನ ಎಷ್ಟು ವೇದಿಕೆಗಳಲ್ಲಿ ಗಂಟಲು ಹರಿದುಕೊಂಡರೂ ಮನೆಯ ಹೊಸ್ತಿಲಲ್ಲಿ ಕಲ್ಲಿನಂತೆ ನಿಂತಿದ್ದ ಮನುಷ್ಯ ಅವನು. ಅಮೆರಿಕದ ಗುಮಾಸ್ತನೊಬ್ಬನ ಪಟ್ಟಿಯ ಮುಂದೆ ತಾನಾಗಿ ಸರಿದು ದಾರಿ ಬಿಟ್ಟ. ಸುಧಾರಣೆ ಬಂತು, ನೂರಕ್ಕೆ ಏಳರ ದರದಲ್ಲಿ.

ಹುಡುಗ ಹುಡುಗಿ ಮಾತಾಡಲಿ ಎಂದು ಇಬ್ಬರನ್ನೂ ಬಾಲ್ಕನಿಗೆ ಕಳಿಸಿದರು. ಕೆಳಗೆ ಕಾರುಗಳಿಗೆ ಬಣ್ಣ ಹೊಡೆಯುವ ಸದ್ದು. ಶ್ರವಣ್ ಒಗೆದ ಬಟ್ಟೆಗಳ ಸ್ಟ್ಯಾಂಡನ್ನು ಒಂದು ಬದಿಗೆ ಸರಿಸಿ ಜಾಗ ಮಾಡಿದ.

"ನಿಮ್ಮದು ನಾಲ್ಕನೇ ಮನೆ," ಎಂದ. "ಮೊದಲು ಬಂದವರಲ್ಲಿ ಇಬ್ಬರು ಇಂಜಿನಿಯರು, ಒಬ್ಬರು ಡಾಕ್ಟರು. ಸ್ಪೇರ್ ಪಾರ್ಟ್ಸ್ ಮಾರುವವನಿಗೆ ಇಷ್ಟು ಡಿಮಾಂಡ್ ಯಾಕೆ ಅಂತ ಮೊದಲ ಸಲ ನನಗೆ ಗೊತ್ತಾಗ್ಲಿಲ್ಲ. ಕನ್ನಡಿ ಎಲ್ಲ ನೋಡಿಕೊಂಡೆ."

ಸುಪ್ರೀತಾಳಿಗೆ ನಗು ಬಂತು. ತಡೆದುಕೊಂಡಳು. "ಅವರು ಯಾಕೆ ಬೇಡ ಅಂದ್ರು?"

"ಅವರು ಬೇಡ ಅನ್ಲಿಲ್ಲ. ನಾನು ಅಂದದ್ದು. ಒಬ್ಬಳು ಹೇಳಿದ್ಲು, ಅಲ್ಲಿಗೆ ಹೋಗಿ ಎರಡು ವರ್ಷ ಆದ ಮೇಲೆ ನೀವು ಫ್ರೀ ಅಂತ. ನಾನೇನು ವಿಮಾನದ ಮೆಟ್ಟಿಲಾ? ಹತ್ತಿದ ಮೇಲೆ ತಳ್ಳಿಬಿಡ್ಲಿಕ್ಕೆ?"

"ನಿಮಗೆ ಅಮೆರಿಕಕ್ಕೆ ಹೋಗ್ಬೇಕಾ?"

ಅವನು ಬಾಲ್ಕನಿಯ ಕಂಬಿಗೆ ಒರಗಿದ. "ಇದನ್ನು ಯಾರೂ ಕೇಳಿರ್ಲಿಲ್ಲ. ನನಗೆ ಇಲ್ಲೇ ಇರ್ಬೇಕು. ಹುಟ್ಟಿದ್ದು ಇಲ್ಲಿ, ಸ್ಕೂಲು ಇಲ್ಲಿ, ಅಪ್ಪನನ್ನು ಸುಟ್ಟದ್ದು ಇಲ್ಲಿ. ಆದ್ರೆ ಗ್ಯಾರೇಜಿನ ಅರಬ್ಬಿ ನಾಳೆ ಯಲ್ಲಾ, ನಡಿ ಅಂದ್ರೆ ನನಗೆ ಸಿಗುದು ಮೂವತ್ತು ದಿನ. ಅಮೆರಿಕದವನ ಲೆಕ್ಕದಲ್ಲಿ ನಾನು ದುಬೈಯವ. ದುಬೈಯವನ ಲೆಕ್ಕದಲ್ಲಿ ಇಂಡಿಯಾದವ. ಕಿನ್ನಿಗೋಳಿಗೆ ಹೋದ್ರೆ ಅವರು ಕೇಳ್ತಾರೆ, ವಾಪಸ್ ಯಾವಾಗ ಅಂತ."

ಸುಪ್ರೀತಾ ಮೊದಲ ಸಲ ಅವನ ಮುಖವನ್ನು ಸರಿಯಾಗಿ ನೋಡಿದಳು. ಬಲಗೈಯ ಉಗುರಿನ ಸಂದಿನಲ್ಲಿ ಗ್ರೀಸು ಇತ್ತು. ಬರುವ ಮೊದಲು ಬಹಳ ತಿಕ್ಕಿದ್ದಾನೆ ಎಂಬುದಕ್ಕೆ ಚರ್ಮ ಕೆಂಪಾಗಿತ್ತು.

"ನಾನು ಸುಳ್ಳು ಹೇಳುದಿಲ್ಲ," ಎಂದಳು. "ನಿಮ್ಮ ಜನನ ಪತ್ರ ನೋಡಿಯೇ ನಿಮ್ಮನ್ನು ಕರೆದದ್ದು. ಆದ್ರೆ ಮದುವೆ ಆದ್ರೆ ಆದದ್ದೇ. ಎರಡು ವರ್ಷದ ಕಾಂಟ್ರಾಕ್ಟ್ ಅಲ್ಲ. ಆಸ್ಪತ್ರೆಯ ಕಾಂಟ್ರಾಕ್ಟಲ್ಲಿ ಈಗಾಗ್ಲೇ ಬೇಕಾದಷ್ಟು ಬೆಂದಿದ್ದೇನೆ."

"ಅಷ್ಟು ಸಾಕು," ಎಂದ ಶ್ರವಣ್. "ನಿಮ್ಮ ಚಹಾಕ್ಕೆ ಸಕ್ಕರೆ ಜಾಸ್ತಿ. ಅದೊಂದು ಸರಿಮಾಡಿದ್ರೆ ನನ್ನ ಕಡೆಯಿಂದ ತೊಂದರೆ ಇಲ್ಲ."

*

ಮೇ ತಿಂಗಳಲ್ಲಿ ಉಡುಪಿಗೆ ಹೋಗಿ ನಾಲ್ಕೇ ದಿನದಲ್ಲಿ ಮದುವೆ ಮುಗಿಸಿ ಬಂದರು. ಸುಪ್ರೀತಾ ಖಾಲಿದಿಯಾದ ನರ್ಸುಗಳ ಕ್ವಾರ್ಟರ್ಸಿಗೆ ಮರಳಿದಳು. ಅಲ್ಲಿ ಗಂಡಂದಿರಿಗೆ ಪ್ರವೇಶವಿಲ್ಲ. ಶ್ರವಣ್ ಸತ್ವಾಕ್ಕೆ ಮರಳಿದ. ವಾರಕ್ಕೊಮ್ಮೆ, ಅವಳ ರಜೆ ಅವನ ರಜೆಗೆ ಹೊಂದಿದರೆ, ಯಾರಾದರೊಬ್ಬರು ಎರಡು ಗಂಟೆ ಬಸ್ಸಿನಲ್ಲಿ ಕೂರುತ್ತಿದ್ದರು. ಫೈಲು ಮಾತ್ರ ಭಾರತದ ಸಾಲಿನಿಂದ ಯುಎಇ ಸಾಲಿಗೆ ಒಂದೇ ಜಿಗಿತಕ್ಕೆ ಹಾರಿ, ಮುಂದಿನ ಫೆಬ್ರವರಿಗೆ ಸಂದರ್ಶನದ ದಿನ ಬಂತು.

ಆಗ ಸ್ಟೇಸಿ ಇನ್ನೊಂದು ವಿಷಯ ಹೇಳಿದಳು. "ಮ್ಯಾಮ್, ಮದುವೆ ನಿಜವಾ ಅಂತ ಕೇಳ್ತಾರೆ. ಫೋಟೋ ಬೇಕು. ಪ್ರೀತಿ ಆದ ಕಥೆ ಬೇಕು."

ಧರ್ಮಪಾಲನಿಗೆ ಇದು ಅರ್ಥವಾಗಲು ಸ್ವಲ್ಪ ಸಮಯ ಹಿಡಿಯಿತು. ಅವನ ತಿಳುವಳಿಕೆಯಲ್ಲಿ ಅಪ್ಪ ಅಮ್ಮ ನೋಡಿ ಮಾಡಿದ್ದು ನಿಜವಾದ ಮದುವೆ, ಪ್ರೀತಿ ಮಾಡಿ ಆದದ್ದು ಮುಚ್ಚಿಡಬೇಕಾದ ಮದುವೆ. ಅರ್ಥವಾದದ್ದೇ ತಡ, ಹಳೆಯ ಕ್ಯಾಂಪ್ ಬಾಸ್ ಮೈಕೊಡವಿ ಎದ್ದ. ಒಂದು ಶುಕ್ರವಾರ ಮಗಳು ಅಳಿಯನನ್ನು ಕಾರಿನಲ್ಲಿ ತುಂಬಿ, ಡಿಕ್ಕಿಯಲ್ಲಿ ಐದು ಅಂಗಿ, ನಾಲ್ಕು ಚೂಡಿದಾರ ಹೇರಿಕೊಂಡು ಅಬುಧಾಬಿಯ ಕಡಲದಂಡೆಗೆ ಬಂದ.

"ಇದು ಎರಡು ಸಾವಿರದ ಹದಿನಾಲ್ಕು. ಆಗಷ್ಟೇ ಪರಿಚಯ. ಸ್ವಲ್ಪ ದೂರ ನಿಲ್ಲಿ. ನಾಚಿಕೆ ಬೇಕು, ನಾಚಿಕೆ! ಶ್ರವಣ್, ಆ ನೀಲಿ ಅಂಗಿ ಹಾಕು. ಇದು ಹದಿನೈದು. ಐಸ್‌ಕ್ರೀಮ್ ಹಿಡ್ಕೊ. ಒಂದೇ ಐಸ್‌ಕ್ರೀಮು, ಇಬ್ಬರೂ!"

"ಮಾವ, ಹದಿನೈದರಲ್ಲಿ ನನಗೆ ಮೀಸೆ ಇತ್ತು," ಎಂದ ಶ್ರವಣ್.

"ಆಗ ತೆಗೆದಿದ್ದೆ ಅನ್ನು!"

ಆಳುಗಳ ಫೋಟೋ ತೆಗೆಸಿ ತೆಗೆಸಿ ಅವನ ಕೈ ಪಳಗಿತ್ತು. ಮಗಳ ಪ್ರೇಮವನ್ನೂ ಹಾಗೇ, ಸಾಲಾಗಿ ನಿಲ್ಲಿಸಿ, ಗಂಟೆಯೊಳಗೆ ಮುಗಿಸಿದ. ಚಂದ್ರಮತಿ ಕಾರಿನಲ್ಲಿ ಕೂತು ಬಟ್ಟೆ ಮಡಚುತ್ತಿದ್ದಳು. ಸುಪ್ರೀತಾ ಐಸ್‌ಕ್ರೀಮಿನ ಮೇಲಿಂದ ಅಪ್ಪನನ್ನು ನೋಡಿದಳು. ಕಾಲೇಜಿನ ಕೊನೆಯ ವರ್ಷ ಒಬ್ಬ ಹುಡುಗನ ಸ್ಕೂಟರಿನಲ್ಲಿ ಕೂತದ್ದಕ್ಕೆ ಇದೇ ಅಪ್ಪ ಅವಳ ಕೆನ್ನೆಗೆ ಬಾರಿಸಿದ್ದ.

ಕಥೆಯೂ ತಯಾರಾಯಿತು: ತುಳು ಕೂಟದ ನಾಟಕದಲ್ಲಿ ಭೇಟಿ, ಮಳೆ ಬಂದು ಒಂದೇ ಕೊಡೆಯಡಿ ನಿಂತದ್ದು. ಸಂದರ್ಶನದ ಹಿಂದಿನ ವಾರ ಪೂರ್ತಿ ಅವನು ಇಬ್ಬರಿಂದಲೂ ಫೋನಿನಲ್ಲಿ ಬಾಯಿಪಾಠ ಒಪ್ಪಿಸಿಕೊಂಡ.

*

ಅಬುಧಾಬಿಯ ವೀಸಾ ಕಚೇರಿಯಲ್ಲಿ ಗಾಜಿನ ಆಚೆ ಕೂತಿದ್ದ ಅಧಿಕಾರಿಗೆ ಸುಶಾಂತನ ವಯಸ್ಸಿರಬಹುದು. ಒರಟಾಗಿರಲಿಲ್ಲ. ನೀರು ಬೇಕೇ ಎಂದು ಕೇಳಿದ. ಆಲ್ಬಂ ತಿರುವಿದ. ಇಂಗ್ಲಿಷಿನಲ್ಲಿ ಕೇಳಿದ:

"ನೀವಿಬ್ಬರು ಒಂದೇ ಮನೆಯಲ್ಲಿ ಇಲ್ಲ?"

"ನನ್ನ ಆಸ್ಪತ್ರೆಯ ಮನೆಗೆ ಗಂಡ ಬರುವಂತಿಲ್ಲ. ಅವರ ಕೋಣೆಯಲ್ಲಿ ಅವರ ಅಮ್ಮ ಇದ್ದಾರೆ."

"ನಿಮ್ಮ ಅರ್ಜಿ ಭಾರತದ ಸಾಲಿನಲ್ಲಿತ್ತು. ತಮ್ಮನಿಗೆ ವೀಸಾ ಆದ ಮೂರು ತಿಂಗಳಲ್ಲಿ ಯುಎಇಯಲ್ಲಿ ಹುಟ್ಟಿದವರನ್ನು ಮದುವೆಯಾಗಿದ್ದೀರಿ." ಅವನು ಆಲ್ಬಂ ಮುಚ್ಚಿದ. "ಒಂದು ಪ್ರಶ್ನೆ. ಇವರು ಭಾರತದಲ್ಲಿ ಹುಟ್ಟಿದ್ದರೆ ನೀವು ಇವರನ್ನು ಮದುವೆಯಾಗುತ್ತಿದ್ದಿರಾ?"

ಈ ಪ್ರಶ್ನೆಗೆ ಧರ್ಮಪಾಲ ಉತ್ತರ ಕಲಿಸಿದ್ದ. ಖಂಡಿತ, ನಾವು ಒಬ್ಬರನ್ನೊಬ್ಬರು ಮೆಚ್ಚಿದ್ದೆವು. ಆಮೇಲೆ ಕೊಡೆ, ಮಳೆ. ಬಾಯಿ ತೆರೆದರೆ ಸಾಕಿತ್ತು. ಓಹಾಯೋ ಗಾಜಿನ ಆಚೆ, ಒಂದು ಮುದ್ರೆಯಷ್ಟು ದೂರದಲ್ಲಿತ್ತು.

ಸುಪ್ರೀತಾ ಪಕ್ಕಕ್ಕೆ ನೋಡಿದಳು. ಶ್ರವಣ್ ಕೊಡೆಯ ಕಥೆ ಶುರುಮಾಡಲು ತಯಾರಾಗಿ, ಪರೀಕ್ಷೆಗೆ ಕೂತವನಂತೆ ತುಟಿ ಅಲ್ಲಾಡಿಸುತ್ತಿದ್ದ. ಮಾವನ ಕಾರಿಗೆ ಕಾಯದೆ ಬೆಳಿಗ್ಗೆ ಆರು ಗಂಟೆಗೆ ಬಸ್ಸು ಹತ್ತಿ, ಅವಳಿಗೆಂದು ಅಮ್ಮನ ಕೈಯ ಪುಂಡಿ, ಅಕ್ಕಿಯ ಕಡುಬು, ಕಟ್ಟಿಸಿಕೊಂಡು ಬಂದಿದ್ದ. ಇವನ ಬಗ್ಗೆ ಅವಳಿಗೆ ಈಗ ಹೇಳುವುದಕ್ಕೆ ನಿಜವಾದ ಮಾತುಗಳೇ ಎಷ್ಟೋ ಇದ್ದವು. ಅವು ಯಾವುವೂ ಬೇಡ, ಕೊಡೆಯ ಸುಳ್ಳು ಬೇಕು ಎಂದರೆ, ಇದ್ದ ಒಂದು ನಿಜವನ್ನೂ ಈ ಗಾಜಿನ ಕೆಳಗಿನ ಸಂದಿನಲ್ಲಿ ತಳ್ಳಿ ಕೊಟ್ಟಂತೆ.

"ಇಲ್ಲ," ಎಂದಳು.

ಶ್ರವಣ್‌ನ ತುಟಿ ನಿಂತಿತು. ಅಧಿಕಾರಿ ತಲೆ ಎತ್ತಿದ.

"ಭಾರತದಲ್ಲಿ ಹುಟ್ಟಿದ್ದರೆ ಇವರನ್ನು ನನ್ನ ಅಪ್ಪ ಮನೆಯೊಳಗೆ ಬಿಡುತ್ತಿರಲಿಲ್ಲ. ನನಗೆ ಇವರ ಪರಿಚಯವೇ ಆಗುತ್ತಿರಲಿಲ್ಲ. ಮೊದಲು ನೋಡಿದ್ದು ಜನನ ಪತ್ರ, ಆಮೇಲೆ ಇವರನ್ನು. ಆ ಫೋಟೋಗಳು ಎಲ್ಲ ಒಂದೇ ದಿನ ತೆಗೆದದ್ದು. ಮದುವೆ ಮಾತ್ರ ಮದುವೆಯೇ."

"ಇದರ ಅರ್ಥ ನಿಮಗೆ ಗೊತ್ತಿದೆಯೇ?"

"ಗೊತ್ತಿದೆ. ಈಗ ನಾನೂ ಒಂದು ಕೇಳಬಹುದೇ? ನನ್ನ ಕೆಲಸ ನೋಡಿ ನೀವು ನನ್ನನ್ನು ಕರೆದಿರಿ. ಆಮೇಲೆ ನಾನು ಎಲ್ಲಿ ಹುಟ್ಟಿದೆ ಅಂತ ನೋಡಿ ನಿಲ್ಲಿಸಿದಿರಿ. ನಾನೂ ಅದನ್ನೇ ನೋಡಿ ಗಂಡನನ್ನು ಹುಡುಕಿದೆ. ನೀವು ಮಾಡಿದರೆ ಅದು ಕಾನೂನು, ನಾನು ಮಾಡಿದರೆ ಮೋಸ. ಹೇಗೆ?"

ಇದಕ್ಕೆ ಉತ್ತರಿಸುವುದು ಅಧಿಕಾರಿಯ ಕೆಲಸವಲ್ಲ. ಅವನು ಟೈಪ್ ಮಾಡಿ ಒಂದು ಕಾಗದ ಈಚೆಗೆ ತಳ್ಳಿದ. ಈ ಮದುವೆ ವೀಸಾಕ್ಕೆಂದೇ ಆದದ್ದೆಂದು ಕಂಡುಬಂದ ಕಾರಣ ಗಂಡನ ಜನ್ಮಸ್ಥಳದ ಅನುಕೂಲ ಸಿಗುವುದಿಲ್ಲ. ಫೈಲು ಭಾರತದ ಸಾಲಿಗೆ ಮರಳುತ್ತದೆ. ಶುಭದಿನ ಎಂದು ಹಾರೈಸಿದ.

*

ಹೊರಗೆ ಬಿಸಿಲಿನಲ್ಲಿ ಧರ್ಮಪಾಲ ಕಾರಿಗೆ ಒರಗಿ ನಿಂತಿದ್ದ. ಕಾಗದ ಓದಿದ. ನಡೆದದ್ದನ್ನು ಸುಪ್ರೀತಾ ಎರಡೇ ಮಾತಿನಲ್ಲಿ ಹೇಳಿದಳು. ಅವನ ಮುಖ ಕಪ್ಪಿಟ್ಟಿತು.

"ಒಂದು ಸುಳ್ಳು! ಒಂದು ಸಣ್ಣ ಸುಳ್ಳು ಹೇಳ್ಲಿಕ್ಕೆ ನಿನ್ನ ನಾಲಿಗೆಗೆ ಎಂತ ಆಗಿತ್ತು? ಜೀವನವೇ ಹಾಳು ಮಾಡ್ಕೊಂಡ್ಯಲ್ಲ! ಬೆಳಿಗ್ಗೆಯಿಂದ ಬಿಸಿಲಲ್ಲಿ ನಿಂತಿದ್ದೇನೆ ನಾನು!"

"ಕಾರಲ್ಲಿ ಏಸಿ ಉಂಟಲ್ಲ ಅಪ್ಪ."

"ತಮಾಷೆ ಮಾಡ್ಬೇಡ!" ಅವನು ಶ್ರವಣ್ ಕಡೆ ಕೈ ತೋರಿಸಿದ. ಅಳಿಯ ಅಲ್ಲೇ ಎರಡು ಹೆಜ್ಜೆ ದೂರ, ಪುಂಡಿಯ ಡಬ್ಬ ಹಿಡಿದು ನಿಂತಿದ್ದ. "ಜಾತಿ ಬಿಟ್ಟೆ, ಮರ್ಯಾದೆ ಬಿಟ್ಟೆ, ಗ್ಯಾರೇಜಿನವನಿಗೆ ಕೊಟ್ಟೆ. ಯಾತಕ್ಕೆ? ಆ ಕಾಗದಕ್ಕೆ! ಅದೂ ಹೋಯ್ತು. ಇನ್ನು ಇವನನ್ನು ಇಟ್ಟುಕೊಂಡು ಎಂತ ಮಾಡ್ತಿ?"

"ಸಂಸಾರ ಮಾಡ್ತೇನೆ," ಎಂದಳು ಸುಪ್ರೀತಾ.

ಧರ್ಮಪಾಲ ಮಗಳನ್ನೊಮ್ಮೆ, ಅಳಿಯನನ್ನೊಮ್ಮೆ ನೋಡಿದ. ಆಮೇಲೆ ಕಾರು ಹತ್ತಿ ಬಾಗಿಲು ಬಡಿದ. ಕಾರು ಹೊರಟೇ ಹೋಯಿತು.

ಅವಳಿಗೆ ಎರಡು ಗಂಟೆಗೆ ಡ್ಯೂಟಿ. ಇಬ್ಬರೂ ಬಸ್ ನಿಲ್ದಾಣದ ಕಡೆ ನಡೆದರು. ನೆರಳು ಸಿಕ್ಕ ಮೇಲೆ ಶ್ರವಣ್ ನಿಂತ.

"ಸಂಸಾರ ಮಾಡ್ತೇನೆ ಅಂದ್ಯಲ್ಲ," ಎಂದ. "ನನ್ನನ್ನು ಯಾರೂ ಕೇಳಿಯೇ ಇಲ್ಲ. ಕಾಗದ ಇಲ್ಲದ ನನಗೆ ನೀನು ಬೇಕಾ ಬೇಡ್ವಾ ಅಂತ."

"ಈಗ ಕೇಳ್ತಾ ಇದ್ದೇನೆ. ಬೇಕಾ?"

ಅವನು ಡಬ್ಬದ ಮುಚ್ಚಳ ತೆಗೆದು ಒಂದು ಪುಂಡಿಯನ್ನು ಅವಳ ಕೈಗಿಟ್ಟ. ಇನ್ನೊಂದನ್ನು ತಾನು ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿದ.

"ಯೋಚನೆ ಮಾಡಿ ಹೇಳ್ತೇನೆ," ಎಂದ. "ಹೇಗೂ ಹನ್ನೆರಡು ವರ್ಷ ಟೈಮ್ ಉಂಟಲ್ಲ."